ಕೆಂಪು ಕಲ್ಲಿನ ಮೇಲೆ ಬಿಳಿ ಕೈ

ಕೆಟ್ಟ ಬೋರ್ಡು ಕಂಡರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಯಾದಗಿರಿ ಸ್ಟೇಷನ್ನಿನಲ್ಲಿ ಇಳಿದು ಶಹಾಪುರದ ಬಸ್ಸು ಹತ್ತುವಷ್ಟರಲ್ಲಿ ಹತ್ತಿಪ್ಪತ್ತು ಬೋರ್ಡುಗಳನ್ನು ಮನಸ್ಸಿನಲ್ಲೇ ಬೈದು ಮುಗಿಸಿರುತ್ತೇನೆ. ಒಂದೇ ತಗಡಿಗೆ ಏಳು ಬಣ್ಣ, ಅಕ್ಷರಕ್ಕೊಂದು ನೆರಳು, ನಾಲ್ಕು ಮೂಲೆಗೆ ನಾಲ್ಕು ದೇವರು, ನಡುವೆ ಮಾಲೀಕನ ಮೀಸೆ. ಇಷ್ಟೆಲ್ಲ ತುಂಬಿದ ಮೇಲೆ ಅಂಗಡಿಯಲ್ಲಿ ಮಾರುವುದೇನು ಎಂದು ಬರೆಯಲು ಜಾಗವೇ ಇರುವುದಿಲ್ಲ. ಮೂವತ್ತು ವರ್ಷ ಬೋರ್ಡು ಬರೆದವನು ನಾನು. ಬರೆದದ್ದರಲ್ಲಿ ಅರ್ಧ ನನಗೇ ಹಿಡಿಸಿಲ್ಲ. ಕಸುಬಿನ ಪ್ರಕಾರ ಎಲ್ಲೂ ತಪ್ಪಿಲ್ಲದಂತೆ ಬಂದದ್ದು ಒಂದೇ ಒಂದು, ಅದೂ ಬೋರ್ಡಲ್ಲ, ಕಾಲುವೆಯ ದಂಡೆಯಲ್ಲಿ ನೆಟ್ಟ ಒಂದು ಕಲ್ಲು. ಹೆಂಗಸರು ನೀರುಪಾಲಾಗುವುದನ್ನು ತಪ್ಪಿಸಲೆಂದು ಅದಕ್ಕೆ ಬಣ್ಣ ಹಚ್ಚಿದೆ. ಅದರ ಕಾರಣದಿಂದಲೇ ನಮ್ಮ ಮನೆಯ ಒಂದು ಜೀವ ಹೋಯಿತು. ಈ ಮಾತು ಬರೆಯಬೇಕೋ ಬೇಡವೋ ಎಂದು ಬಹಳ ವರ್ಷ ಒದ್ದಾಡಿದ್ದೇನೆ.

ನಾನು ಈ ವಿದ್ಯೆ ಕಲಿತದ್ದು ಸುರಪುರದಲ್ಲಿ, ಅರಸರ ಕಾಲದಿಂದ ಬಣ್ಣದ ಕೆಲಸ ಮಾಡಿಕೊಂಡು ಬಂದ ಮನೆತನದ ಒಬ್ಬ ಮುದುಕರ ಹತ್ತಿರ. ಅವರ ಮುತ್ತಜ್ಜ ಬಂಗಾರದ ರೇಕು ಹಚ್ಚಿ ದೇವರ ಚಿತ್ರ ಬರೆದವರಂತೆ. ಇವರ ಕಾಲಕ್ಕೆ ಬಂಗಾರವೂ ಹೋಗಿ, ದೇವರೂ ಹೋಗಿ, ಸೈಕಲ್ ಅಂಗಡಿ ಮತ್ತು ಖಾನಾವಳಿಯ ಬೋರ್ಡುಗಳಷ್ಟೇ ಉಳಿದಿದ್ದವು. ನಾವೆಲ್ಲ ಅವರನ್ನು ಉಸ್ತಾದ್ ಎನ್ನುತ್ತಿದ್ದೆವು. ಮ್ಯಾಟ್ರಿಕ್ ಎರಡು ಸಲ ನಪಾಸಾಗಿ, ಲಗ್ನವೂ ಆಗಿ, ಮಾವನ ಮನೆಯಲ್ಲಿ ತಲೆ ಎತ್ತಲಾಗದೆ ಅವರಲ್ಲಿಗೆ ಹೋದವನು ನಾನು. ಮೊದಲ ಆರು ತಿಂಗಳು ಅವರು ಕುಂಚ ಕೈಗೆ ಕೊಡಲಿಲ್ಲ. ದಿನಾ ಬೆಳಿಗ್ಗೆ ರಸ್ತೆಯ ಆಚೆ ಹೋಗಿ ನಿಲ್ಲಬೇಕು, ಗೋಡೆಗೆ ಒರಗಿಸಿಟ್ಟ ಬೋರ್ಡು ನೋಡಬೇಕು, ಕಣ್ಣು ಮೊದಲು ಎಲ್ಲಿಗೆ ಹೋಯಿತು, ಆಮೇಲೆ ಎಲ್ಲಿಗೆ ಹೋಯಿತು ಎಂದು ಹೇಳಬೇಕು. ಅಷ್ಟೇ ನನ್ನ ಕೆಲಸ.

"ಕಣ್ಣು ದನ ಇದ್ದಂಗ ನೋಡು," ಎನ್ನುತ್ತಿದ್ದರು. "ಬಿಟ್ರ ಎಲ್ಲಾ ಕಡಿ ಬಾಯಿ ಹಾಕ್ತದ. ಅದಕ್ಕ ಹಾದಿ ಮಾಡಿಕೊಡಾಂವ ನೀನು."

ಅವರ ಪಾಠಗಳು ಕಡಿಮೆ. ಎಲ್ಲವನ್ನೂ ದೊಡ್ಡದಾಗಿ ಬರೆದರೆ ಯಾವುದೂ ದೊಡ್ಡದಲ್ಲ. ಒಂದು ಬೋರ್ಡಿಗೆ ಒಂದೇ ಮಾತು. ಖಾಲಿ ಜಾಗವೆಂದರೆ ಬಿಟ್ಟದ್ದಲ್ಲ, ಅದೂ ಬರೆದದ್ದೇ. ಕೆಂಪಿನ ಮೇಲೆ ಬಿಳಿ, ಕಪ್ಪಿನ ಮೇಲೆ ಹಳದಿ ದೂರಕ್ಕೆ ಹೊಡೆದು ಕಾಣುತ್ತವೆ. ನೀಲಿಯ ಮೇಲೆ ಕೆಂಪು ಬರೆದವನನ್ನು ಅಂಗಡಿಯೊಳಗೆ ಬಿಟ್ಟುಕೊಳ್ಳಬಾರದು. ಒಮ್ಮೆ ಒಬ್ಬ ಖಾನಾವಳಿಯವನು ಹನ್ನೊಂದು ಪದಾರ್ಥಗಳ ಪಟ್ಟಿ ಹಿಡಿದುಕೊಂಡು ಬಂದಿದ್ದ. ಉಸ್ತಾದರು ಮೂರು ಮೊಳದ ತಗಡಿನ ನಡುವೆ "ಊಟ" ಎಂದಷ್ಟೇ ಬರೆದು ಕೊಟ್ಟರು. ಅವನು ಜಗಳ ತೆಗೆದ. "ಹಸದಾವಗ ಇಷ್ಟು ಸಾಕೋ ಮಾರಾಯಾ, ಉಳದದ್ದು ಒಳಗ ಬಂದ ಮ್ಯಾಲ ಹೇಳು," ಎಂದು ಕಳಿಸಿದರು. ಆ ಬೋರ್ಡು ಬಹಳ ವರ್ಷ ಅಲ್ಲೇ ಇತ್ತು.

ನಾನು ಶಹಾಪುರದ ಬಸ್ ಸ್ಟ್ಯಾಂಡಿನ ಹಿಂದೆ ಸ್ವಂತ ಅಂಗಡಿ ಇಡುವ ಹೊತ್ತಿಗೆ ಕಾಲುವೆಗೆ ನೀರು ಬಂದಿತ್ತು. ಜೋಳ, ತೊಗರಿ ಬೆಳೆಯುತ್ತಿದ್ದ ಹೊಲಗಳು ನೋಡನೋಡುತ್ತ ಭತ್ತದ ಗದ್ದೆಗಳಾದವು. ಬೀಜ, ಗೊಬ್ಬರ, ಎಣ್ಣೆ, ಪಂಪುಸೆಟ್ಟು ಎಂದು ದಿನಕ್ಕೊಂದು ಅಂಗಡಿ ಎದ್ದಿತು. ಎಲ್ಲರಿಗೂ ಬೋರ್ಡು ಬೇಕು. ಕಾಲುವೆ ನನಗೆ ಅನ್ನ ಹಾಕಿತು, ಸುಳ್ಳು ಹೇಳಬಾರದು.

ನಮ್ಮೂರು ಗೋಗಿಯ ಕಡೆ ಹೋಗುವ ದಾರಿಯಲ್ಲಿದೆ, ಶಹಾಪುರದಿಂದ ಟಂಟಂ ಆಟೋ ಹತ್ತಿದರೆ ಬೇಗ ಮುಟ್ಟಬಹುದು. ಊರಲ್ಲಿ ಅಕ್ಕ ಇದ್ದಳು. ಅವ್ವ ಹೋದ ಮೇಲೆ ನನ್ನನ್ನು ಸಾಕಿದವಳು ಅವಳೇ. ಭಾವ ಬೇಗ ತೀರಿಕೊಂಡರು. ಅಕ್ಕ ತನ್ನ ಒಬ್ಬಳೇ ಮಗಳನ್ನು ಇಟ್ಟುಕೊಂಡು ಎರಡು ಎಕರೆ ಹೊಲ ಮಾಡುತ್ತಿದ್ದಳು. ಕಾಲುವೆ ಊರಿನ ಪಕ್ಕದಲ್ಲೇ ಹರಿಯುತ್ತಿತ್ತು. ಒಂದು ಮಳೆಗಾಲದಲ್ಲಿ ದಂಡೆಯ ಹಾಸುಗಲ್ಲುಗಳು ಕುಸಿದು, ಒಂದರ ಕೆಳಗೊಂದು ಕೂತು, ಮೆಟ್ಟಿಲಿನ ಹಾಗೆ ಆದವು. ಇಳಿಯಲೆಂದೇ ಕಟ್ಟಿದ ಪಾವಟಿಗೆ ಬೇರೆ ಇತ್ತು, ಆದರೆ ಅದು ಊರಿಗೆ ದೂರ. ಬಟ್ಟೆಯ ಗಂಟು ತಲೆಯ ಮೇಲೆ ಹೊತ್ತವರು ಅಷ್ಟು ದೂರ ಯಾಕೆ ಹೋದಾರು? ಎಲ್ಲರೂ ಕುಸಿದ ಕಲ್ಲುಗಳ ಮೇಲೇ ಇಳಿಯಲು ಶುರು ಮಾಡಿದರು. ಮೂರನೆಯ ಕಲ್ಲು ಪಾಚಿಗಟ್ಟಿತ್ತು. ಅದರಾಚೆ ಆಳ, ಜೊತೆಗೆ ಸೆಳವು. ಬಾವಿ ಮಾತ್ರ ಕಂಡು ಬೆಳೆದ ನಮ್ಮ ಮಂದಿಗೆ ನಿಂತ ನೀರು ಗೊತ್ತೇ ಹೊರತು ಹರಿಯುವ ನೀರಿನ ಸೊಕ್ಕು ಗೊತ್ತಿರಲಿಲ್ಲ. ಆ ಒಂದೇ ಜಾಗದಲ್ಲಿ ಇಬ್ಬರು ಹೆಂಗಸರು ಹೋದರು.

ಆಗ ಕಾಲುವೆ ಆಫೀಸಿನವರು ಒಂದು ಎಚ್ಚರಿಕೆಯ ಬೋರ್ಡು ಬರೆಸಿದರು. ಬರೆದವನು ನಾನೇ. ಆಫೀಸಿನಿಂದ ಬಂದ ಕಾಗದದಲ್ಲಿ ಇದ್ದಂತೆಯೇ ಬರೆಯಬೇಕೆಂಬ ಕರಾರು. ಮೇಲೆ ದೊಡ್ಡದಾಗಿ ಆಫೀಸಿನ ಹೆಸರು, ಅದರ ಕೆಳಗೆ ವಿಭಾಗ, ಉಪವಿಭಾಗ, ಕಾಲುವೆಯ ನಂಬರು, ಆಮೇಲೆ ಒಂದು ಗೆರೆ, ಗೆರೆಯ ಕೆಳಗೆ ಐದು ಸಾಲಿನ ಸೂಚನೆ. "ಅಪಾಯ" ಎಂಬ ಪದ ನಾಲ್ಕನೆಯ ಸಾಲಿನ ನಡುವೆ ಎಲ್ಲೋ ಸಿಕ್ಕಿಕೊಂಡಿತ್ತು. ನೀಲಿ ನೆಲ, ಬಿಳಿ ಅಕ್ಷರ. ಉಸ್ತಾದರು ನೋಡಿದ್ದರೆ ಕುಂಚ ಕಸಿದುಕೊಳ್ಳುತ್ತಿದ್ದರು. ನಾನು ಬಾಯಿ ಮುಚ್ಚಿಕೊಂಡು ಬರೆದೆ.

ಹದಿನೈದು ದಿನ ಬಿಟ್ಟು ಊರಿಗೆ ಹೋದಾಗ ನೋಡುತ್ತೇನೆ, ನನ್ನ ಬೋರ್ಡಿನ ಮೇಲೆ ಒಂದು ಹಸಿ ಸೀರೆ, ಎರಡು ಲಂಗ ಒಣಗುತ್ತಿವೆ. ಕೆಳಗೆ ಅಕ್ಕ ಮಂಡಿಯುದ್ದ ನೀರಲ್ಲಿ ನಿಂತು ಬಟ್ಟೆಯನ್ನು ಕಲ್ಲಿಗೆ ಸೆಣೆಯುತ್ತಿದ್ದಳು.

"ಅಕ್ಕಾ, ಇಲ್ಲಿ ಇಳಿಬ್ಯಾಡ್ರಿ ಅಂತ ಅದರಾಗ ಬರದದ," ಎಂದೆ.

"ಹೌದಾ? ಬೀಜದ ಅಂಗಡಿದು ಅಂತ ತಿಳದಿದ್ವಿ ನಾವು," ಎಂದಳು. "ನೀಲಿ ಬಣ್ಣ ಇತ್ತಲ್ಲ. ಛಲೋ ಆತು ಬಿಡು, ಅರಿಬಿ ಒಣಸಾಕ ಜಾಗಾ ಆತು."

ಅವಳ ಜೊತೆಗಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಮುಂದಿನ ತಿಂಗಳು ಆ ನಕ್ಕವರಲ್ಲೇ ಒಬ್ಬಳು ಅಲ್ಲಿ ಜಾರಿ ಹೋದಳು. ಅವಳ ಗಂಡ ಬೋರ್ಡಿನ ಕಂಬ ತಬ್ಬಿಕೊಂಡು ಕೂತಿದ್ದ. ಅವತ್ತು ನನಗೆ ನನ್ನ ಕೈಯ ಮೇಲೇ ಅಸಹ್ಯವಾಯಿತು. ಆ ಬೋರ್ಡು ಕೆಟ್ಟದ್ದೆಂದು ಬರೆಯುವಾಗಲೇ ಗೊತ್ತಿದ್ದವನು ನಾನೊಬ್ಬನೇ.

ಆಫೀಸಿನ ಸಾಹೇಬರು ಮೈಸೂರು ಕಡೆಯವರು, ಒಳ್ಳೆಯ ಮನುಷ್ಯ. ಅವರ ಮುಂದೆ ಹೋಗಿ ನಿಂತು ನನಗೆ ತಿಳಿದದ್ದನ್ನೆಲ್ಲ ಹೇಳಿದೆ. ಅವರು ಪೂರ್ತಿ ಕೇಳಿದರು. "ಓದೋಕೆ ಬಾರದವರಿಗೂ ಗೊತ್ತಾಗೋ ಹಾಗೆ ನೀವೇ ಏನಾದ್ರೂ ಮಾಡಿಕೊಡಿ. ಅಕ್ಷರವೇ ಬೇಡ," ಎಂದರು. ನನ್ನ ಜೀವನದಲ್ಲಿ ಯಾವ ಗಿರಾಕಿಯೂ ನನಗೆ ಅಷ್ಟು ಸ್ವಾತಂತ್ರ್ಯ ಕೊಟ್ಟಿರಲಿಲ್ಲ. ಎರಡು ವಾರ ಬೇರೆ ಕೆಲಸ ಮುಟ್ಟಲಿಲ್ಲ.

ಕುಸಿದ ಮೆಟ್ಟಿಲುಗಳ ನೆತ್ತಿಯಲ್ಲಿ, ದಂಡೆಯ ಮೇಲೆ, ಎದೆಯೆತ್ತರದ ಒಂದು ಕಲ್ಲುಚಪ್ಪಡಿ ನೆಟ್ಟಗೆ ನಿಂತಿತ್ತು. ಕಾಲುವೆ ತೋಡಿದವರು ಯಾವ ಕಾರಣಕ್ಕೋ ನೆಟ್ಟು ಮರೆತದ್ದು. ಊರಿನಿಂದ ಬರುವ ಕಾಲುದಾರಿ ನೇರ ಅದರ ಮುಂದೆಯೇ ಬಂದು ಮುಟ್ಟುತ್ತದೆ. ತಗಡು ಬೇಡ, ಈ ಕಲ್ಲೇ ಸಾಕು ಎಂದುಕೊಂಡೆ. ಸುತ್ತ ಇರುವುದೆಲ್ಲ ಹಸಿರು ಮತ್ತು ಮಣ್ಣಿನ ಬಣ್ಣ, ಆದ್ದರಿಂದ ಕೆಂಪು. ಕೆಂಪಿನ ಮೇಲೆ ಬಿಳಿ. ಕಲ್ಲಿಗೆ ಒಂದೇ ಮಾತು, ಆ ಮಾತು ಕೈ. ಅಂಗೈ ಮುಂದೆ ಮಾಡಿ ಎತ್ತಿದ ಕೈ. ಚೌಕದಲ್ಲಿ ಪೋಲೀಸನು ಗಾಡಿ ನಿಲ್ಲಿಸುವುದು ಹಾಗೆಯೇ, ಮುಂದೆ ಬರಬೇಡ ಎಂದು ಯಾರಾದರೂ ಹೇಳುವುದೂ ಹಾಗೆಯೇ.

ಸಾಹೇಬರಿಗೆ ಕಾಗದದ ಮೇಲೆ ಬರೆದು ತೋರಿಸಿದೆ. ಬೆರಳು ಕೂಡಿಸಿದ ಕೈ ಒಂದು ಪಕ್ಷದ ಚುನಾವಣೆಯ ಗುರುತಾಗುತ್ತದೆ, ನಾಳೆ ತಕರಾರು ಬಂದೀತು ಎಂದರು. ಬೆರಳು ಬಿಡಿಸಿದೆ. ಹೆಂಗಸರೇ ಹೆಚ್ಚಾಗಿ ಬರುವ ಜಾಗ, ಹೆಣ್ಣಿನ ಕೈ ಎಂದು ತಿಳಿದರೆ ಮನಸ್ಸಿಗೆ ನಾಟುತ್ತದೆ ಎಂದುಕೊಂಡು ಮಣಿಕಟ್ಟಿಗೆ ನಾಲ್ಕು ಹಸಿರು ಬಳೆ ಬರೆದೆ. ನೀರಿನಿಂದ ಮೇಲೆದ್ದ ಕೈ ಎಂದು ಗೊತ್ತಾಗಲೆಂದು ಬಳೆಯ ಕೆಳಗೆ ಎರಡು ಅಲೆಯ ಗೆರೆ. ಮುಳುಗುವವಳ ಕೈ. ಉಳಿದ ಕಲ್ಲೆಲ್ಲ ಬರೀ ಕೆಂಪು.

ಎರಡು ಕೋಟು ಎನಾಮೆಲ್ ಹೊಡೆದು ಒಣಗಿದ ಮೇಲೆ ಕಾಲುದಾರಿಯಲ್ಲಿ ಐವತ್ತು ಹೆಜ್ಜೆ ಹಿಂದೆ ಹೋಗಿ ನಿಂತು ನೋಡಿದೆ. ಕಣ್ಣು ಬೇರೆ ಎಲ್ಲಿಗೂ ಹೋಗಲಿಲ್ಲ. ಕೈ ಎದ್ದು ಬಂದು ಎದೆಗೆ ತಾಗಿದಂತಿತ್ತು. ಉಸ್ತಾದರು ಆಗ ಬದುಕಿರಲಿಲ್ಲ, ಅವರಿಗೆ ತೋರಿಸಲಾಗಲಿಲ್ಲವೆಂದು ಅಲ್ಲೇ ನಿಂತು ಕಣ್ಣೀರು ಹಾಕಿದೆ.

ಈಗ ನಮ್ಮೂರ ಬಗ್ಗೆ ಎರಡು ಮಾತು ಹೇಳಬೇಕು. ಊರ ಅಗಸಿಬಾಗಿಲ ಪಕ್ಕದಲ್ಲಿ ಒಂದು ಮಾಸ್ತಿಕಲ್ಲು ಇದೆ. ಯಾವ ಕಾಲದಲ್ಲೋ ಗಂಡನ ಚಿತೆ ಏರಿದ ಹೆಣ್ಣಿನ ನೆನಪಿಗೆ ನಿಲ್ಲಿಸಿದ್ದು, ಅದರ ಮೇಲೆ ಕೆತ್ತಿರುವುದು ಎತ್ತಿದ ಒಂದು ತೋಳು, ತೋಳಿನ ತುಂಬ ಬಳೆ. ಹೆಂಗಸರು ದಿನಾ ಅದಕ್ಕೆ ಕುಂಕುಮ ಹಚ್ಚುತ್ತಾರೆ. ಇನ್ನು ಮೊಹರಮ್ಮಿನಲ್ಲಿ ಹೊರುವ ಅಲಾಯಿ ದೇವರೆಂದರೆ ಕೋಲಿನ ತುದಿಯಲ್ಲಿ ಬೆರಳು ಬಿಡಿಸಿದ ಬೆಳ್ಳಿಯ ಕೈ. ಜಾತಿ ಯಾವುದೇ ಇರಲಿ, ಅದರ ಮುಂದೆ ಸಕ್ಕರೆ ಇಟ್ಟು ಫಾತಿಹಾ ಓದಿಸದ ಮನೆ ನಮ್ಮೂರಲ್ಲಿಲ್ಲ. ಇವೆರಡನ್ನೂ ನೋಡುತ್ತಲೇ ದೊಡ್ಡವನಾದವನು ನಾನು. ನಡೆಯಲು ಬಂದ ದಿನದಿಂದ ಕೆಂಪು ಮೆತ್ತಿದ ಕಲ್ಲಿಗೆ ಕೈ ಮುಗಿದೇ ಮುಂದೆ ಹೋದವನು. ಕಣ್ಣು ಎಲ್ಲಿಗೆ ಹೋಗುತ್ತದೆಂದು ಮೂವತ್ತು ವರ್ಷ ಲೆಕ್ಕ ಹಾಕಿದೆ, ಹೋದ ಕಣ್ಣು ಏನನ್ನು ಹೊತ್ತುಕೊಂಡು ಹೋಗುತ್ತದೆಂದು ಒಂದು ದಿನವೂ ಯೋಚಿಸಲಿಲ್ಲ. ಎಂಥ ದಡ್ಡ ನಾನು.

ಮೊದಲ ಕುಂಕುಮ ನಾಲ್ಕನೆಯ ದಿನಕ್ಕೇ ಬಿತ್ತು. ಆಮೇಲೆ ಅರಿಸಿನ, ಆಮೇಲೆ ಹೂವು, ಆಮೇಲೆ ಎಣ್ಣೆದೀಪ. ಅಮಾವಾಸ್ಯೆಯ ಹೊತ್ತಿಗೆ ಕಲ್ಲಿಗೆ ಹೆಸರೂ ಬಂತು, ಗಂಗವ್ವ. ನೀರಿನಿಂದ ಕೈ ಎತ್ತಿ ಹರಸುವ ಗಂಗವ್ವ. ಇದುವರೆಗೆ ಹೋದ ಮೂವರೂ ಅವಳಿಗೆ ಸೇರಿದವರು, ಇನ್ನು ಪೂಜೆ ತಪ್ಪದಿದ್ದರೆ ಯಾರನ್ನೂ ಮುಟ್ಟುವುದಿಲ್ಲ ಎಂದು ಮಾತು ಹುಟ್ಟಿತು. ಪೂಜೆಗೆ ಮೊದಲು ದೇವರ ಮೈ ತೊಳೆಯಬೇಕು. ತೊಳೆಯಲು ಗಂಗವ್ವನದೇ ನೀರು ಬೇಕು. ಆ ನೀರು ತರಲು ತಂಬಿಗೆ ಹಿಡಿದು ಕೆಳಗಿಳಿಯಬೇಕು. ಮೊದಲು ಬಟ್ಟೆ ಒಗೆಯುವವರು ಮಾತ್ರ ಇಳಿಯುತ್ತಿದ್ದರು. ಈಗ ಬಟ್ಟೆ ಒಗೆಯದವರೂ ಇಳಿಯತೊಡಗಿದರು.

ಒಂದು ಶುಕ್ರವಾರ ಬೆಳಿಗ್ಗೆ ಸುಣ್ಣದ ಬಕೆಟ್ಟು, ದಪ್ಪ ಕುಂಚ ಹಿಡಿದುಕೊಂಡು ಹೋದೆ. ಏಳೆಂಟು ಹೆಂಗಸರು ಅಲ್ಲಿದ್ದರು. ಅಕ್ಕನೂ ಇದ್ದಳು, ಕೈಯಲ್ಲಿ ಆರತಿಯ ತಟ್ಟೆ. ನಾನು ಕುಂಚ ಅದ್ದುವುದನ್ನು ನೋಡಿ ಅಡ್ಡ ಬಂದಳು.

"ಏನ್ ಮಾಡಾಕತ್ತಿ ತಮ್ಮಾ?"

"ಅಳಸಾಕತ್ತೀನಿ. ಇದು ದೇವ್ರಲ್ಲ ಅಕ್ಕಾ. ಇಲ್ಲಿ ಇಳಿಬ್ಯಾಡ್ರಿ ಅಂತ ನಾ ಬರದದ್ದು. ಪೋಲೀಸ ಕೈ ಮಾಡಿ ಗಾಡಿ ನಿಂದರಸತಾನಲ್ಲ, ಹಂಗ."

"ಪೋಲೀಸ ಬಳಿ ಇಟಗೊಂಡಿರ್ತಾನೇನು?"

ಹೆಂಗಸರು ಕಿಸಕ್ಕನೆ ನಕ್ಕರು. ಒಬ್ಬ ಮುದುಕಿ ಮುಂದೆ ಬಂದು ನನ್ನ ಗದ್ದ ಹಿಡಿದು, "ಬರದಾಂವ ನೀನಪ್ಪಾ, ಖರೆ. ಬರಸಿದಾಕಿ ಯಾರು?" ಎಂದಳು.

ಅಕ್ಕ ತಟ್ಟೆ ಕೆಳಗಿಟ್ಟು ನನ್ನ ಬಲಗೈ ಹಿಡಿದು ಎರಡೂ ಕಣ್ಣಿಗೆ ಒತ್ತಿಕೊಂಡಳು. "ಈ ಕೈಯಾಗಿಂದ ಗಂಗವ್ವ ಬಂದಾಳ. ನಮ್ಮ ಮನಿತನದಾಗ ಯಾರಿಗೆ ಸಿಕ್ಕದ ಈ ಭಾಗ್ಯ? ಸುಣ್ಣ ಬಳದು ಕೈ ಕಳಕೊಬ್ಯಾಡ ತಮ್ಮಾ," ಎಂದಳು.

ಮ್ಯಾಟ್ರಿಕ್ ನಪಾಸಾದ ಕೈ. ಮಾವನ ಮನೆಯಲ್ಲಿ ಎರಡನೆಯ ರೊಟ್ಟಿಗೆ ಚಾಚದ ಕೈ. ಹೆದರಿಕೆಯಿಂದ ಹಿಂದೆ ಬಂದೆ ಎಂದು ಆಮೇಲೆ ಎಲ್ಲರಿಗೂ ಹೇಳಿದ್ದೇನೆ, ಹೆಂಡತಿಗೂ ಅದನ್ನೇ ಹೇಳಿದ್ದೇನೆ. ಅದು ಸುಳ್ಳು. ಆ ಹೊತ್ತಿನಲ್ಲಿ ನನಗಾದದ್ದು ಖುಷಿ. ನಾನು ಬರೆದ ಬೋರ್ಡುಗಳನ್ನು ಜನ ಓದಿ ಮುಂದೆ ಹೋಗಿದ್ದರು, ಯಾರೂ ಕೈ ಮುಗಿದಿರಲಿಲ್ಲ. ಸುಣ್ಣದ ಬಕೆಟ್ಟನ್ನು ಹಾಗೆಯೇ ಎತ್ತಿಕೊಂಡು ಟಂಟಂ ಹತ್ತಿದೆ. ಸಾಹೇಬರಿಗೆ ಹೇಳೋಣವೆಂದರೆ ಅವರಿಗೆ ವರ್ಗವಾಗಿ ಹೋಗಿತ್ತು. ಹೊಸಬರಿಗೆ ನಾನು ಯಾರೆಂದೇ ಗೊತ್ತಿರಲಿಲ್ಲ. ಅದನ್ನೇ ನೆಪ ಮಾಡಿಕೊಂಡು ಸುಮ್ಮನಾದೆ.

ಮುಂದಿನ ವರ್ಷ ಅಕ್ಕನ ಮಗಳು ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಳು. ಗಂಡು ಮಗು. ಹೆರಿಗೆ ಸುಖವಾಗಿ ಆಯಿತು. ನಮ್ಮಲ್ಲಿ ಬಾಣಂತಿ ಹೊರಗೆ ಬರುವ ದಿನ ಗಂಗವ್ವನ ಪೂಜೆ ಮಾಡಬೇಕು. ಐದು ಮಂದಿ ಮುತ್ತೈದೆಯರನ್ನು ಕರೆದುಕೊಂಡು ನೀರಿದ್ದಲ್ಲಿಗೆ ಹೋಗಿ, ಅರಿಸಿನ ಕುಂಕುಮ ಏರಿಸಿ, ಬಾಣಂತಿ ತನ್ನ ಕೈಯಾರೆ ಒಂದು ಕೊಡ ನೀರು ತುಂಬಿಕೊಂಡು ಬರಬೇಕು. ಆ ನೀರು ಮನೆಗೆ ಬಂದ ಮೇಲೆಯೇ ಅವಳು ಒಲೆ ಮುಟ್ಟುವುದು. ಹಿಂದೆ ಇದೆಲ್ಲ ಊರ ಬಾವಿಯ ಹತ್ತಿರ ನಡೆಯುತ್ತಿತ್ತು, ನೀರು ಸೇದುವುದು ಗಟ್ಟಿ ಕಟ್ಟೆಯ ಮೇಲೆ ನಿಂತು. ಕಾಲುವೆ ಬಂದ ಮೇಲೆ ಬಾವಿಯ ನೀರನ್ನು ಯಾರೂ ಬಳಸದೆ ಅದರಲ್ಲಿ ಕಸ ತುಂಬಿತ್ತು. ಈಗ ಸ್ವತಃ ಗಂಗವ್ವನೇ ಬಂದು ನಿಂತಿರುವಾಗ ಪಾಳುಬಾವಿಗೆ ಯಾರು ಹೋಗುತ್ತಾರೆ?

ನಾನೂ ಹೋಗಿದ್ದೆ. ಹೆಣ್ಣುಮಕ್ಕಳ ಪೂಜೆ, ಗಂಡಸರು ಹತ್ತಿರ ಹೋಗುವಂತಿಲ್ಲ. ಹಾಗಾಗಿ ಕಾಲುದಾರಿಯಲ್ಲೇ ನಿಂತಿದ್ದೆ. ಹುಡುಗಿ ನನ್ನ ಪಕ್ಕದಲ್ಲಿ ಹಾದು ಹೋಗುವಾಗ ನಕ್ಕು, "ಮಾಮಾ, ನಿನ್ನ ದೇವ್ರಿಗೆ ಹೊಂಟೀನಿ, ನಿನ್ನ ಸಲುವಾಗಿ ಏನರ ಹೇಳೂದದ ಏನು?" ಎಂದಳು. ಬಾಣಂತಿಯ ಮೈ, ಮುಖ ಸ್ವಲ್ಪ ಬಿಳಿಚಿತ್ತು, ಕಿವಿಗೆ ಹತ್ತಿ ಇಟ್ಟುಕೊಂಡಿದ್ದಳು. ಕಂಕುಳಲ್ಲಿ ಸಣ್ಣ ಹಿತ್ತಾಳೆಯ ಕೊಡ. "ಹುಷಾರವ್ವಾ, ಮೂರನೇ ಕಲ್ಲಿಗೆ ಇಳಿಬ್ಯಾಡ," ಎಂದು ನಾಲಿಗೆಯ ತುದಿಗೆ ಬಂದಿತ್ತು. ಶುಭದ ಹೊತ್ತಿನಲ್ಲಿ ಅಪಶಕುನ ನುಡಿಯಬಾರದು ಎಂದು ನುಂಗಿದೆ. "ಹೋಗಿ ಬಾ," ಎಂದಷ್ಟೇ ಹೇಳಿದೆ.

ನಿಂತ ಜಾಗದಿಂದ ಎಲ್ಲ ಸ್ಪಷ್ಟವಾಗಿ ಕಾಣುತ್ತಿತ್ತು. ಕೆಂಪು ಕಲ್ಲು, ಬಿಳಿ ಕೈ, ಸುತ್ತ ಹೆಂಗಸರು. ಆರತಿಯಾಯಿತು, ಹಾಡಾಯಿತು. ಹುಡುಗಿ ಕೊಡ ಹಿಡಿದು ಕಲ್ಲನ್ನು ಬಳಸಿ ಕೆಳಗಿಳಿದಳು. ಒಂದು ಹೆಜ್ಜೆಗೆ ಸೊಂಟದವರೆಗೆ ಮರೆಯಾದಳು, ಇನ್ನೊಂದಕ್ಕೆ ತಲೆ ಮಾತ್ರ ಕಂಡಿತು. ಆಮೇಲೆ ಕಾಣಲಿಲ್ಲ. ನೀರು ತುಂಬಲು ಬಗ್ಗಿರಬೇಕು ಎಂದುಕೊಂಡೆ. ಹೆಂಗಸರ ಕೂಗು ಕೇಳುವವರೆಗೂ ಹಾಗೆಯೇ ಅಂದುಕೊಂಡಿದ್ದೆ.

ಓಡಿ ಹೋಗಿ ನೋಡುವಷ್ಟರಲ್ಲಿ ಹಿತ್ತಾಳೆಯ ಕೊಡ ದೂರದಲ್ಲಿ ತೇಲುತ್ತ ಹೋಗುತ್ತಿತ್ತು. ನೀರು ಬಿಟ್ಟ ವಾರ ಅದು, ಕಾಲುವೆ ತುಂಬಿ ಹರಿಯುತ್ತಿತ್ತು. ನನಗೆ ಈಜು ಬಾರದು. ಅಲ್ಲಿದ್ದ ಯಾರಿಗೂ ಬಾರದು. ದಂಡೆಯ ಮೇಲೆ ಕೊಡದ ಜೊತೆ ಓಡಿದೆ, ಎಲ್ಲಿಯವರೆಗೆ ಓಡಿದೆನೋ ಗೊತ್ತಿಲ್ಲ. ಅವಳು ಸಿಕ್ಕದ್ದು ಎರಡು ದಿನ ಬಿಟ್ಟು, ಕೆಳಗಿನ ಗೇಟಿನ ಹತ್ತಿರ. ಬಳೆಯಿಂದ ಗುರುತು ಹಿಡಿದೆವು. ಆ ಎರಡು ದಿನ ಮಗು ಹಾಲಿಗಾಗಿ ಅತ್ತದ್ದು ಈಗಲೂ ಕಿವಿಯಲ್ಲಿದೆ. ಅಕ್ಕ ಬತ್ತಿಯಲ್ಲಿ ಆಡಿನ ಹಾಲು ಅದ್ದಿ ಅದರ ಬಾಯಿಗೆ ಹಿಡಿಯುತ್ತಿದ್ದಳು. ಒಂದು ಹನಿ ಕಣ್ಣೀರು ಹಾಕಲಿಲ್ಲ. ತಿಂಗಳಾದ ಮೇಲೆ ಬೀಗರು ಬಂದು ಮಗುವನ್ನು ಒಯ್ದರು.

ಇದಾದ ಮೇಲಾದರೂ ಕಲ್ಲನ್ನು ಕಿತ್ತುಹಾಕುತ್ತಾರೆ ಎಂದುಕೊಂಡಿದ್ದೆ. ಆದದ್ದೇ ಬೇರೆ. ಬಾಣಂತಿಯನ್ನೇ ತೆಗೆದುಕೊಂಡ ದೇವಿ ಸಾಮಾನ್ಯಳಲ್ಲ, ಬಹಳ ಜಾಗೃತ ಎಂದು ಹೆಸರು ಹಬ್ಬಿತು. ಭೀಮಾ ಹೊಳೆಯ ಕಡೆಯಿಂದ, ರಾಮಸಮುದ್ರದಿಂದಲೂ ಹರಕೆ ಹೊತ್ತವರು ಬಂದರು. ಕಲ್ಲಿನ ಮೇಲೆ ತಗಡಿನ ಚಪ್ಪರ ಎದ್ದಿತು. ಆಫೀಸಿನವರು ಮೆಟ್ಟಿಲಿಗೆ ಅಡ್ಡ ಮುಳ್ಳುತಂತಿ ಬಿಗಿದರು. ದೇವಿಯ ನೀರಿಗೆ ಬೇಲಿ ಹಾಕಿದರೆಂದು ಬೈದುಕೊಂಡು, ಭಕ್ತರೇ ನಡುವಿನ ಎರಡು ಎಳೆ ಬಿಚ್ಚಿ ದಾರಿ ಮಾಡಿಕೊಂಡರು.

ನಾನು ಆ ಕಡೆ ಹೋಗುವುದನ್ನೇ ಬಿಟ್ಟೆ. ಅಂಗಡಿಯಲ್ಲಿ ಕೆಂಪಿನ ಡಬ್ಬಿ ತೆರೆಯಲು ಆಗುತ್ತಿರಲಿಲ್ಲ. ಗಿರಾಕಿ ಕೆಂಪು ಕೇಳಿದರೆ, ಬಿಸಿಲಿಗೆ ನಿಲ್ಲುವುದಿಲ್ಲ ಎಂದು ಸುಳ್ಳು ಹೇಳಿ ಹಸಿರು ಹಚ್ಚುತ್ತಿದ್ದೆ.

ವರ್ಷ ತುಂಬಿದ ಮೇಲೆ ಒಂದು ದಿನ ಅಕ್ಕ ಅಂಗಡಿಗೆ ಬಂದಳು. ಬಹಳ ಇಳಿದು ಹೋಗಿದ್ದಳು. ನೀರು ಕೊಟ್ಟರೆ ಕುಡಿಯಲಿಲ್ಲ.

"ಗಂಗವ್ವನ ಬಣ್ಣ ಹೋಗ್ಯಾದ," ಎಂದಳು. "ಎಣ್ಣಿ ಹತ್ತಿ ಹತ್ತಿ ಕೈ ಕಾಣವಲ್ದು. ಬಂದು ಹಚ್ಚಿಕೊಡು."

ವರ್ಷವಿಡೀ ಹಿಡಿದಿಟ್ಟದ್ದೆಲ್ಲ ಹೊರಗೆ ಬಂತು. "ಅದು ದೇವ್ರಲ್ಲ ಅಕ್ಕಾ. ಅವತ್ತೂ ಹೇಳೀನಿ, ಇವತ್ತೂ ಹೇಳ್ತೀನಿ. ಅದು ಮುಳಗಾಕಿ ಕೈ. ಅವತ್ತು ನಾ ಸುಣ್ಣ ಬಳಿಬೇಕಿತ್ತು. ಬಳಿಲಿಲ್ಲ. ಹುಡುಗಿ ಹೋಗಿದ್ದು ನನ್ನಿಂದ," ಎಂದೆ. ಬೀದಿಯಲ್ಲಿ ಹೋಗುವವರು ನೋಡುತ್ತಿದ್ದರು. ನನಗೆ ಅಳು ತಡೆಯಲಾಗಲಿಲ್ಲ.

ಅವಳು ನಾನು ಮುಗಿಸುವ ತನಕ ಕಾದಳು. "ಗೊತ್ತದ," ಎಂದಳು. "ಅಡ್ಡ ನಿಂತಾಕಿ ಯಾರು? ನಾನೇ ಅಲ್ಲೇನು? ಅದು ದೇವ್ರಲ್ಲಂದ್ರ ಮಗಳನ್ನ ಕರಕೊಂಡು ಹೋಗಿ ನೀರಿಗೆ ಬಿಟ್ಟಾಕಿ ನಾ ಆಗ್ತೀನಿ. ದೇವ್ರಂದ್ರ ದೇವ್ರು ಒಯ್ದಾಳ. ಯಾವ್ದರ ಜೋಡಿ ಬಾಳ್ವೆ ಮಾಡ್ಲಿ, ನೀನೇ ಹೇಳು."

ಶುಕ್ರವಾರ ಬರುತ್ತೇನೆ ಎಂದೆ.

ಶುಕ್ರವಾರ ಬೆಳಿಗ್ಗೆ ಕೆಂಪು, ಬಿಳಿ, ಹಸಿರು ಮೂರೂ ಡಬ್ಬಿ ತೆಗೆದುಕೊಂಡು ಹೋದೆ. ಕಲ್ಲಿನ ಮೇಲೆ ಎಣ್ಣೆ, ಕುಂಕುಮ, ಧೂಳು ಸೇರಿ ಬೆರಳು ದಪ್ಪ ಹಕ್ಕಳೆಗಟ್ಟಿತ್ತು. ಅದನ್ನು ತಿಕ್ಕಿ ತೊಳೆಯದೆ ಹೊಸ ಬಣ್ಣ ಕೂರುವುದಿಲ್ಲ. ಖಾಲಿ ಬಕೆಟ್ಟು ಹಿಡಿದು, ಬಿಚ್ಚಿದ ತಂತಿಯ ನಡುವೆ ತೂರಿ, ಮೊದಲ ಕಲ್ಲಿಗೆ ಕಾಲಿಟ್ಟೆ. ಹಿಂದಿನಿಂದ ಅಕ್ಕ ನನ್ನ ಅಂಗಿ ಹಿಡಿದು ಜಗ್ಗಿದಳು. ಅಷ್ಟು ಬಲ ಅವಳಲ್ಲಿ ಇತ್ತೆಂದು ನನಗೆ ಗೊತ್ತಿರಲಿಲ್ಲ.

"ಇಳಿಬ್ಯಾಡ. ನೀರು ಮನಿಯಿಂದ ತಂದೀನಿ."

ಕಲ್ಲಿನ ಪಕ್ಕದಲ್ಲಿ ಎರಡು ತುಂಬಿದ ಕೊಡಗಳಿದ್ದವು. ಊರಿನ ನಳದ ನೀರು. ಒಂದನ್ನು ತಲೆಯ ಮೇಲೆ, ಇನ್ನೊಂದನ್ನು ಕಂಕುಳಲ್ಲಿ ಹೊತ್ತು ತಂದಿದ್ದಳು. ನಾನು ತೊಳೆದು ಒಣಗಲು ಬಿಟ್ಟು ಕೂತಿರುವಾಗ ಹೆಂಗಸರು ಬರತೊಡಗಿದರು. ಬಂದವರು ಕಲ್ಲಿನ ಹಿಂದೆ ಹೋಗಲೇ ಇಲ್ಲ. ನೇರ ಅಕ್ಕನ ಮುಂದೆ ಬಂದು ತಂಬಿಗೆ ಹಿಡಿದರು, ಅವಳು ಕೊಡದಿಂದ ಬಗ್ಗಿಸಿ ಕೊಟ್ಟಳು. ಒಬ್ಬ ಪರವೂರಿನ ಹೆಂಗಸು ತಂತಿಯ ಕಡೆ ಹೆಜ್ಜೆ ಹಾಕಿದಳು. "ಯವ್ವಾ, ಅಲ್ಲಿ ಬ್ಯಾಡ, ಜಾರತದ, ಇಲ್ಲೇ ತಗೋ," ಎಂದು ಅಕ್ಕ ಕೂತಲ್ಲಿಂದಲೇ ಕೂಗಿದಳು. ಆ ಹೆಂಗಸು ತಿರುಗಿ ಬಂದಳು. ನಳದ ನೀರು ಗಂಗವ್ವನಿಗೆ ನಡೆಯುತ್ತದೆಯೇ ಎಂದು ಯಾರೂ ಕೇಳಲಿಲ್ಲ. ಮಗಳನ್ನೇ ಕೊಟ್ಟವಳ ಕೈಯ ನೀರು ಅದು. ವರ್ಷವಿಡೀ ಪ್ರತಿ ಶುಕ್ರವಾರ, ಪ್ರತಿ ಅಮಾವಾಸ್ಯೆ ಅವಳು ಹೀಗೆಯೇ ಬಂದು ಕೂತಿದ್ದಳಂತೆ. ಅವಳು ಕೂತ ಮೇಲೆ ಅಲ್ಲಿ ಯಾರೂ ಸತ್ತಿರಲಿಲ್ಲ. ನನಗೆ ಅದನ್ನು ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಕೈ ಮತ್ತೆ ಮೊದಲಿನಂತೆ ಬೆಳ್ಳಗೆ ಎದ್ದು ನಿಂತಿತು. ಬಿಸಿಲಿಗೆ ಅಕ್ಕನ ಮುಖ ಕಪ್ಪಿಟ್ಟಿತ್ತು. ಕೊಡಗಳು ಖಾಲಿಯಾಗಿದ್ದವು, ಮತ್ತೆ ತುಂಬಿ ತರಲು ಸೆರಗಿನ ಸಿಂಬೆ ಸುತ್ತುತ್ತಿದ್ದಳು.

"ಎಷ್ಟು ದಿನ ಹಿಂಗ ಕೂಡ್ತಿ ಅಕ್ಕಾ?" ಎಂದೆ.

ಸಿಂಬೆಯನ್ನು ತಲೆಯ ಮೇಲಿಟ್ಟುಕೊಂಡು, ಕೊಡ ಎತ್ತಿ, ಒಮ್ಮೆ ಕಲ್ಲಿನ ಕಡೆ ನೋಡಿದಳು.

"ನೀ ಬರದದ್ದು ಮಂದಿಗೆ ತಿಳಿಯೋ ತನಕ," ಎಂದಳು.